ಹಸಿರು ದಾರದ ಚೀಲ

ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡನ್ನು ಒದ್ದ ತಂಡದವನೇ ಅದನ್ನು ಮೊದಲು ಮುಟ್ಟಿದರೆ, ಮುಟ್ಟಿದ ಜಾಗದಲ್ಲಿ ನಾವು ತೀರ್ಪುಗಾರರು ಕಾಳು ತುಂಬಿದ ಅಂಗೈಯಗಲದ ಚೀಲವೊಂದನ್ನು ಎಸೆಯುತ್ತೇವೆ. ಆಮೇಲೆ ಎದುರಾಳಿಗಳು ಚೆಂಡು ಎತ್ತಿಕೊಂಡು ಓಡಬಹುದು, ಬೀಳಬಹುದು, ಅದನ್ನು ಕಳೆದುಕೊಳ್ಳಲೂಬಹುದು; ಚೀಲ ಬಿದ್ದಲ್ಲಿಂದಲೇ ಮತ್ತೆ ಚೆಂಡು ಪಡೆಯುವ ಹಕ್ಕು ಅವರಿಗಿದೆ. ಕ್ಯಾನ್ಸಾಸ್‌ನ ಶಾಲಾ ಮೈದಾನಗಳಲ್ಲಿ ಹದಿನಾಲ್ಕು ವರ್ಷ ಓಡಿದ್ದೇನೆ. ಈ ನಿಯಮ ಗೊತ್ತಿರುವ ಒಬ್ಬ ಪ್ರೇಕ್ಷಕನನ್ನೂ ಕಂಡಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಗ್ರೋವರ್ ಹಾಸ್ಕೆಟ್‌ಗೆ ಗೊತ್ತಿತ್ತು. ನನಗದನ್ನು ಕಲಿಸಿದವನೇ ಅವನು.

ಆ ಶನಿವಾರ ಮಧ್ಯಾಹ್ನ ಗ್ರೋವರ್ ನಮ್ಮ ಮುಖ್ಯಸ್ಥ. ಕಪ್ಪು ಬಿಳಿ ಪಟ್ಟೆಯ ಅಂಗಿ ನಮ್ಮೆಲ್ಲರದೂ, ಬಿಳಿ ಟೋಪಿ ಅವನೊಬ್ಬನದು. ಸೋತವರ ವರ್ಷ ಅಲ್ಲಿಗೇ ಮುಗಿಯುವ ಪಂದ್ಯ. ಹೊರಗಿನಿಂದ ಬಂದ ಬ್ಲೇಕ್ಸ್‌ಬರೋ ಮೂರು ಅಂಕ ಮುಂದಿತ್ತು, ನಾಲ್ಕು ನಿಮಿಷ ಉಳಿದಿತ್ತು. ಊರಿನ ತಂಡ ಆರ್ಡನ್ ಒದ್ದ ಚೆಂಡು ಇಪ್ಪತ್ತು ಗಜದ ಗೆರೆಯ ಬಳಿ ಉರುಳುತ್ತಿದ್ದಾಗ ಆರ್ಡನ್‌ನವನೇ ಒಬ್ಬ ಅದಕ್ಕೆ ಕೈ ತಾಗಿಸಿದ. ನನ್ನ ಚೀಲ ಅಲ್ಲಿ ಬಿತ್ತು. ಬ್ಲೇಕ್ಸ್‌ಬರೋದವನು ಚೆಂಡೆತ್ತಿಕೊಂಡು ನಾಲ್ಕು ಹೆಜ್ಜೆ ಓಡಿ, ಪೆಟ್ಟು ತಿಂದು ಕೈಬಿಟ್ಟ. ಆರ್ಡನ್‌ನ ಇನ್ನೊಬ್ಬ ಅದನ್ನು ಬಾಚಿಕೊಂಡು ಕೊನೆಯ ಗೆರೆ ದಾಟಿದ: ಆರು ಅಂಕ. ನಾನೂ ಅವನ ಜೊತೆ ಓಡಿದ್ದೆ. ಕಬ್ಬಿಣದ ಮೆಟ್ಟಿಲುಗಳ ಮೇಲೆ ಊರಿಗೆ ಊರೇ ಎದ್ದು ಕುಣಿಯುತ್ತಿತ್ತು.

ತಿರುಗಿ ನೋಡಿದರೆ ಚೀಲ ಇರಲಿಲ್ಲ.

ಗ್ರೋವರ್ ಹತ್ತಿರ ಬಂದ. ಅವನ ಸೊಂಟದಲ್ಲಿ ಎರಡು ಚೀಲ. ಒಂದು ಬಿಳಿಯದು, ಅವನದು. ಇನ್ನೊಂದು ನೀಲಿ; ಹರಿದಿದ್ದ ಅಂಚನ್ನು ನನ್ನ ಹೆಂಡತಿ ಹಸಿರು ದಾರದಲ್ಲಿ ಹೊಲಿದಿದ್ದಳು. ಇನ್ನೊಬ್ಬರ ಚೀಲವನ್ನು ನಮ್ಮಲ್ಲಿ ಯಾರೂ ಎತ್ತುವುದಿಲ್ಲ.

"ಅದು ನಂದು," ಅಂದೆ.

"ದಾರೀಲಿ ಬಿದ್ದಿತ್ತು. ಓಟ ಮುಗೀತಲ್ಲ ಅಂತ ಎತ್ಕೊಂಡೆ."

"ಮೊದಲು ಮುಟ್ಟಿದ್ದು ಆರ್ಡನ್‌ನವನು, ಗ್ರೋವರ್. ಅಂಕ ಇಲ್ಲ."

ಅವನು ಮೆಟ್ಟಿಲುಗಳ ಕಡೆ ನೋಡಿದ. "ಚೀಲಾನೇ ಇಲ್ವಲ್ಲ ಮಾರಾಯ. ಇಷ್ಟು ಜನರ ಮುಂದೆ ಈಗ ಏನಂತ ಹೇಳ್ಲಿ? ಬಿಟ್ಬಿಡು."

"ನೀನು ನೋಡಿದ್ಯಾ, ಇಲ್ವಾ?"

ಅವನು ಟೋಪಿ ಸರಿಪಡಿಸಿಕೊಂಡ. ಇಲ್ಲ ಅಂದಿದ್ದರೆ ಸಹಿಸಿಕೊಳ್ಳುತ್ತಿದ್ದೆ.

ಅವನ ಸೊಂಟದಿಂದ ಚೀಲ ಕಿತ್ತುಕೊಂಡೆ. ಇಪ್ಪತ್ತು ಗಜದ ಗೆರೆಗೆ ನಡೆದು, ಚೆಂಡಿಗೆ ಕೈ ತಾಗಿದ್ದಲ್ಲೇ ಅದನ್ನು ಮತ್ತೆ ಹಾಕಿ ಪಕ್ಕದಲ್ಲಿ ನಿಂತೆ. ಕುಣಿತ ನಿಂತಿತು, ಮೆಟ್ಟಿಲುಗಳಿಂದ ಕೂಗು ಶುರುವಾಯಿತು.

"ಏ ಜೀಬ್ರಾ, ಕನ್ನಡಕ ಕಾರಲ್ಲೇ ಬಿಟ್ಟು ಬಂದ್ಯಾ?"

"ಬ್ಲೇಕ್ಸ್‌ಬರೋದವರು ಊಟ ಹಾಕಿದ್ರಾ ನಿಂಗೆ?"

ನಾನು ಅಲುಗಲಿಲ್ಲ. ಗ್ರೋವರ್‌ಗೆ ಬೇರೆ ದಾರಿ ಉಳಿದಿರಲಿಲ್ಲ. ಅಂಕವಿಲ್ಲವೆಂದು ಕೈಯಾಡಿಸಿದ. ಆಮೇಲೆ, ಅಗತ್ಯವೇ ಇಲ್ಲದಿದ್ದರೂ, ತೋಳು ಚಾಚಿ ನನ್ನನ್ನು ತೋರಿಸಿದ. ಹೇಳಿದ್ದು ಇವನು, ನಾನಲ್ಲ. ಅರ್ಧ ಕುಡಿದ ಸೋಡಾ ಲೋಟವೊಂದು ನನ್ನ ಕಾಲ ಬಳಿ ಬಂದು ಬಿತ್ತು.

ಬ್ಲೇಕ್ಸ್‌ಬರೋ ಕೊನೆಯವರೆಗೂ ಚೆಂಡು ಬಿಟ್ಟುಕೊಡದೆ ಗೆದ್ದಿತು.

ಬಟ್ಟೆ ಬದಲಿಸುವ ಕೋಣೆಯಲ್ಲಿ, ಬಾಗಿಲು ಹಾಕಿದ ಮೇಲೆ, ಗ್ರೋವರ್ ನನ್ನ ಹೆಗಲು ತಟ್ಟಿದ. "ಸರಿಯಾಗೇ ಹೇಳ್ದೆ ಎವರೆಟ್. ನಿಯಮ ಅಂದ್ರೆ ನಿಯಮ."

"ಇದನ್ನ ಹೊರಗೆ ಹೇಳ್ಬೇಕಿತ್ತು," ಅಂದೆ.

ಅವನು ಶೂ ದಾರ ಬಿಚ್ಚತೊಡಗಿದ. ಮನೆಗೆ ಅರವತ್ತು ಮೈಲಿ. ಬಂದದ್ದು ಅವನ ಟ್ರಕ್ಕಿನಲ್ಲೇ. ನಾನು ಹಸಿರು ದಾರದ ಚೀಲ ಎತ್ತಿಕೊಂಡು, ಪಟ್ಟೆ ಅಂಗಿಯನ್ನೂ ಬದಲಿಸದೆ, ಬಸ್ಸು ಸಿಗುವ ಪೆಟ್ರೋಲ್ ಬಂಕಿನ ಕಡೆ ನಡೆದೆ.