ರೇಡಿಯೋ ನಿಂತ ಸಂಜೆ

ಟೈಲರಕ್ಕನ ಮನೆಯ ರೇಡಿಯೋ ಬಾಯಿ ಮುಚ್ಚಿದ್ದನ್ನು ಬೀದಿಯವರು ಕಂಡೇ ಇರಲಿಲ್ಲ. ಬೆಳಗಿನ ವಾರ್ತೆಗೆ ಶುರುವಾದರೆ ಮಲಗುವ ಹೊತ್ತಿನವರೆಗೂ ಅದರದ್ದೇ ದರ್ಬಾರು. ಅಳತೆ ಕೊಡಲು ಬಂದವರು ಅರ್ಧ ಮಾತು ಕೈಸನ್ನೆಯಲ್ಲೇ ಮುಗಿಸುತ್ತಿದ್ದರು. ಒಳಕೋಣೆಯಿಂದ ಏನಾದರೂ ಸದ್ದು ಬಂತೋ, ಅಕ್ಕನ ಎಡಗೈ ತಾನಾಗಿ ರೇಡಿಯೋದ ಗುಂಡಿಗೆ ಹೋಗಿ ದನಿ ಏರಿಸುತ್ತಿತ್ತು. ಕಾಲು ಹೊಲಿಗೆ ಯಂತ್ರವನ್ನು ಇನ್ನಷ್ಟು ಜೋರಾಗಿ ತುಳಿಯುತ್ತಿತ್ತು.

ಒಳಕೋಣೆಯಲ್ಲಿದ್ದವನು ಅವಳ ದೊಡ್ಡ ಮಗ. ಹೆಸರಿಗೆ ಪುಟ್ಟ, ಆಳು ಬಾಗಿಲಿನೆತ್ತರ. ಬುದ್ಧಿ ಮಾತ್ರ ಮಗುವಿನಷ್ಟರಲ್ಲೇ ನಿಂತುಬಿಟ್ಟಿತ್ತು. ಅವನು ದೂರದ ಊರಲ್ಲಿ ಕೆಲಸದಲ್ಲಿದ್ದಾನೆ ಎಂದು ಅಕ್ಕ ಎಲ್ಲರಿಗೂ ಹೇಳಿದ್ದಳು. ಈ ಬೀದಿಗೆ ಬಂದ ಹೊಸದರಲ್ಲಿ ಬಾಯಿಂದ ಜಾರಿದ ಸುಳ್ಳು. ಆಮೇಲೆ ಅದಕ್ಕೆ ಬಡ್ತಿ ಕೊಡಿಸಿ, ಸಂಬಳ ಏರಿಸಿ, ರಜೆ ಮಾತ್ರ ಸಿಗದಂತೆ ನೋಡಿಕೊಳ್ಳಬೇಕಾಯಿತು. ಔಷಧಿ ಅಂಗಡಿಯಾಕೆಯಂತೂ ಬಂದಾಗಲೆಲ್ಲ, "ಮಗನಿಗೆ ಈ ಸಲಾನೂ ರಜಾ ಸಿಗ್ಲಿಲ್ವಾ?" ಎಂದು ಕೇಳದೆ ಹೋಗುತ್ತಿರಲಿಲ್ಲ. ಅಕ್ಕನ ಮಗಳಿಗೆ ಸಂಬಂಧ ತಂದವಳೂ ಅವಳೇ.

ಆ ವಾರ ರೇಡಿಯೋ ಬೇರೆಯದೇ ರಾಗ ಹಿಡಿದಿತ್ತು. ನಡುಸಮುದ್ರದಲ್ಲಿ ವಾಯುಭಾರ ಕುಸಿದಿದೆ ಎಂದಿತು. ಆಮೇಲೆ ಅದು ಚಂಡಮಾರುತವಾಗಿದೆ ಎಂದಿತು. ಇವತ್ತು, ಸಂಜೆಯೊಳಗೆ ಇದೇ ದಡಕ್ಕೆ ಅಪ್ಪಳಿಸಲಿದೆ ಎಂದಿತು. "ಮೀನುಗಾರರು ಸಮುದ್ರಕ್ಕೆ ಇಳಿಯಬಾರದು" ಎಂದು ಪುಟ್ಟ ಒಳಗಿನಿಂದ, ಥೇಟ್ ವಾರ್ತೆ ಓದುವವರ ಧಾಟಿಯಲ್ಲಿ ಹೇಳುತ್ತಿದ್ದ. ಪಾಪ, ಅವನು ಕಂಡ ಹೊರಜಗತ್ತು ಆ ಪೆಟ್ಟಿಗೆಯೊಂದೇ.

ಮಧ್ಯಾಹ್ನ ಮೈಕು ಕಟ್ಟಿದ ವ್ಯಾನು ಬಂದು, ಎಲ್ಲರೂ ಶಾಲೆಯ ಮಹಡಿಗೆ ಹೋಗಬೇಕೆಂದು ಸಾರಿತು. ಐಸ್ ಕಾರ್ಖಾನೆ ಮುಚ್ಚಿದ್ದರಿಂದ ಅಕ್ಕನ ಗಂಡ ಆಗಲೇ ಮನೆಗೆ ಬಂದಿದ್ದ.

"ನೀವಿಬ್ಬರೂ ಹೋಗಿ. ನಾನು ಪುಟ್ಟನ ಜೊತೆ ಇರ್ತೀನಿ," ಎಂದ.

"ನೀರು ಬಂದ್ರೆ?" ಎಂದಳು ಮಗಳು.

"ಮಂಚ ಹತ್ತಿಸ್ತೀನಿ. ಭಾನುವಾರ ಗಂಡಿನ ಕಡೆಯವರು ಬರ್ತಾರೆ. ಇವತ್ತು ಊರೆಲ್ಲ ಇವನನ್ನ ನೋಡಿದ್ರೆ ನಾಳೆನೇ ಅವರ ಕಿವಿಗೆ ಬೀಳುತ್ತೆ. ನಿನಗೋಸ್ಕರಾನೇ ಹೇಳ್ತಿರೋದು."

"ನನಗೋಸ್ಕರ ಅಣ್ಣ ಮುಳುಗೋದು ಬೇಡಪ್ಪ."

"ನಾನೇನು ಅವನ ಶತ್ರುನಾ? ಹಿಂದಿನ ಊರಲ್ಲಿ ಇವನನ್ನ ಆಡಿಸಿಕೊಂಡು ಕಲ್ಲು ಹೊಡೆದಿದ್ದು ಮರೆತುಹೋಯ್ತಾ?"

ಆ ಕಲ್ಲಿನ ಗುರುತು ಪುಟ್ಟನ ಹಣೆಯ ಮೇಲೆ ಇನ್ನೂ ಇತ್ತು. ಅಕ್ಕನಿಗೆ ಮಗಳ ಮಾತೂ ಸರಿಯೆನಿಸಿತು, ಗಂಡನ ಮಾತೂ ಸರಿಯೆನಿಸಿತು. "ಇದ್ರೆ ಎಲ್ಲರೂ ಇಲ್ಲೇ ಇರೋಣ," ಎಂದು ಹೊಲಿದ ಬಟ್ಟೆಗಳನ್ನು ಅಟ್ಟಕ್ಕೇರಿಸಿದಳು.

ಸಂಜೆಗೆ ಗಾಳಿ ಬೀದಿಗೆ ನುಗ್ಗಿತು. ಎದುರುಮನೆಯ ತಗಡು ಕಿತ್ತುಬಂದು ಕಂಬಕ್ಕೆ ಬಡಿದದ್ದೇ ತಡ, ಕರೆಂಟು ಹೋಯಿತು. ರೇಡಿಯೋ ಅರ್ಧ ಮಾತಿನಲ್ಲೇ ನಿಂತಿತು. ಅದು ನಿಂತದ್ದಕ್ಕೇ ಪುಟ್ಟ ಬೆದರಿ, ಮನೆ ಹಾರಿಹೋಗುವಂತೆ ಕೂಗತೊಡಗಿದ. ಕರೆಂಟಿಲ್ಲವೆಂದು ಗೊತ್ತಿದ್ದರೂ ಅಕ್ಕ ಗುಂಡಿ ತಿರುಗಿಸಿದಳು, ಇನ್ನೂ ತಿರುಗಿಸಿದಳು. ಅಷ್ಟರಲ್ಲಿ ಹೊಸ್ತಿಲಿನಡಿಯಿಂದ ನೀರು ಒಳಬಂತು.

ಯಾರೋ ಬಾಗಿಲನ್ನು ದಬದಬ ಬಡಿದರು. ತೆರೆದರೆ ಪಕ್ಕದ ಮನೆಯ ಇಸ್ತ್ರಿ ಅಜ್ಜ, ತೊಯ್ದು ತೊಪ್ಪೆಯಾಗಿ ನಿಂತಿದ್ದ.

"ನೀವಿನ್ನೂ ಹೋಗಿಲ್ವಾ ಅಜ್ಜ?"

"ನೀವು ಹೊರಡ್ಲಿ ಅಂತ ಕಾಯ್ತಿದ್ದೆ. ಪುಟ್ಟನ್ನ ಈ ಗಾಳೀಲಿ ನೀವೇ ಹೇಗೆ ಕರ್ಕೊಂಡು ಹೋಗ್ತೀರಿ?"

ಅಕ್ಕ ಒಳಕೋಣೆಯತ್ತ ತಿರುಗಿ ನೋಡಿದಳು. "ನಿಮಗೆ ಗೊತ್ತಾ?"

"ನಮ್ಮಿಬ್ಬರ ಮನೆ ನಡುವೆ ಇರೋದು ಒಂದೇ ಇಟ್ಟಿಗೆಯ ಗೋಡೆ ಕಣಮ್ಮ. ನಿನ್ನ ರೇಡಿಯೋಗೆ ನನ್ನ ಕಿವಿ ಅರ್ಧ ಹೋಯ್ತು. ಆದ್ರೂ ಒಂದು ದಿನಾನೂ ಬೈಯಲಿಲ್ಲ, ಯಾಕೆ ಅಂದ್ಕೊಂಡೆ?"

ಗಂಡ ತಲೆ ತಗ್ಗಿಸಿದ. ಆಮೇಲೆ ಒಳಗೆ ಹೋಗಿ ಮಗನ ತೋಳು ಹಿಡಿದು ಕರೆತಂದ. ಆದರೆ ಪುಟ್ಟ ಹೊಸ್ತಿಲ ಹತ್ತಿರ ಬಂದವನೇ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡ. ಎಳೆದರೂ ಬರಲಿಲ್ಲ, ರಮಿಸಿದರೂ ಬರಲಿಲ್ಲ. ನೀರು ಮೀನಖಂಡಕ್ಕೆ ಏರಿತು.

ಅಕ್ಕ ಬೀದಿಗಿಳಿದು, ಗಂಟಲು ಹರಿಯುವಂತೆ ಕೂಗಿದಳು. "ಈಗ ಹವಾಮಾನ ವರದಿ."

ಪುಟ್ಟ ಸುಮ್ಮನಾಗಿ ಅವಳತ್ತ ನೋಡಿದ.

"ಸಮುದ್ರ ಪ್ರಕ್ಷುಬ್ಧವಾಗಿರುತ್ತದೆ. ಮೀನುಗಾರರು..." ಎಂದು ಅವಳು ಅಲ್ಲಿಗೇ ಬಿಟ್ಟಳು.

"ಸಮುದ್ರಕ್ಕೆ ಇಳಿಯಬಾರದು," ಎಂದ ಪುಟ್ಟ, ಒಂದು ಕಾಲನ್ನು ನೀರಿಗೆ ಇಳಿಸಿ.

ದಾರಿಯುದ್ದಕ್ಕೂ ಅವಳು ಅದನ್ನೇ ಕೂಗಿದಳು, ಅವನು ಅದನ್ನೇ ಮುಗಿಸಿದ. ಒಂದು ಕಡೆ ಅಪ್ಪ, ಇನ್ನೊಂದು ಕಡೆ ತಂಗಿ, ಹಿಂದೆ ಬೆನ್ನಿಗೆ ಕೈಕೊಟ್ಟು ಅಜ್ಜ. ಕಿಟಕಿ ಸಂದುಗಳಿಂದ ಯಾರು ನೋಡುತ್ತಿದ್ದಾರೆಂದು ನೋಡುವ ವ್ಯವಧಾನ ಅಕ್ಕನಿಗಿರಲಿಲ್ಲ.

ಶಾಲೆಯ ಮಹಡಿಯಲ್ಲಿ ಜನ ಗಿಜಿಗುಡುತ್ತಿದ್ದರು. ಬಾಗಿಲ ಪಕ್ಕದಲ್ಲೇ ಚಾಪೆ ಹಾಸಿ ಕೂತಿದ್ದ ಔಷಧಿ ಅಂಗಡಿಯಾಕೆ ಪುಟ್ಟನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಇವರು ಯಾರು ಟೈಲರಕ್ಕ?"

ಮಗಳು ಅಣ್ಣನ ಕೈ ಬಿಡಲಿಲ್ಲ. ಅಕ್ಕ ಅದನ್ನು ನೋಡಿದಳು.

"ನನ್ನ ದೊಡ್ಡ ಮಗ. ಯಾವ ಊರಲ್ಲೂ ಕೆಲಸಕ್ಕಿಲ್ಲ, ಯಾವತ್ತೂ ಮನೇಲೇ ಇದ್ದ. ನಿಮಗೆ ಹೇಳಿದ್ದೆಲ್ಲ ಸುಳ್ಳು. ಗಂಡಿನ ಕಡೆಯವರಿಗೂ ಇದನ್ನ ತಿಳಿಸಿಬಿಡಿ."

"ಅವರು ಏನಂತಾರೋ ನನಗೆ ಗೊತ್ತಿಲ್ಲಮ್ಮ," ಎಂದಳು ಆಕೆ. ಆಮೇಲೆ ಪಕ್ಕಕ್ಕೆ ಸರಿದು ಚಾಪೆಯಲ್ಲಿ ಜಾಗ ಮಾಡಿದಳು. ಗಂಡ ಮಗನನ್ನು ಕೂರಿಸಿ, ತನ್ನ ಟವೆಲಿನಿಂದ ಅವನ ತಲೆ ಒರೆಸತೊಡಗಿದ.

ಆಗ ಚಂಡಮಾರುತ ದಡಕ್ಕೆ ಬಡಿಯಿತು. ಕಟ್ಟಡವೇ ಅದುರಿತು, ಕಿಟಕಿಯ ಗಾಜು ಒಡೆದು ಬಿತ್ತು. ಪುಟ್ಟ ಬಾಯಿ ತೆರೆದು ಕೂಗಿದ. ಮಹಡಿಯ ಜನರೆಲ್ಲ ಇತ್ತ ತಿರುಗಿದರು.

ಅಕ್ಕನ ಎಡಗೈ ಅಭ್ಯಾಸಬಲದಿಂದ ಮೇಲೆದ್ದು ಗುಂಡಿ ಹುಡುಕಿತು. ಅಲ್ಲಿ ಏನೂ ಸಿಗಲಿಲ್ಲ. ಆ ಕೈಯನ್ನು ಅವಳು ಮಗನ ತಲೆಯ ಮೇಲೆ ಇಟ್ಟಳು.

"ಕೂಗಪ್ಪ. ಹೆದರಿಕೆಯಾದ್ರೆ ಕೂಗು," ಎಂದಳು.