ಬಿದ್ದುಹೋದ ಕೊಂಬು

ನಮ್ಮ ಚಿಕ್ಕಮ್ಮ ಬೀದಿಯಲ್ಲಿ ನಡೆಯುವಾಗಲೂ ತಲೆ ಬಗ್ಗಿಸಿಯೇ ಇರುತ್ತಿದ್ದರು. ನಾಚಿಕೆಯಿಂದಲ್ಲ, ದಾರಿಯಲ್ಲಿ ಎಲ್ಲಾದರೂ ಒಂದು ಒತ್ತಕ್ಷರ ಬಿದ್ದಿದೆಯೇನೋ ಎಂಬ ಗುಮಾನಿಯಿಂದ. ಅಪ್ಪನ ಅಚ್ಚುಕೂಟದಲ್ಲಿ ಕರಡು ತಿದ್ದುವುದು ಅವರ ಕೆಲಸ, ಅಂಗಡಿಯ ಬೋರ್ಡಾಗಲಿ ಔಷಧದ ಚೀಟಿಯಾಗಲಿ ಕಣ್ಣಿಗೆ ಬಿದ್ದದ್ದರ ಹುಳುಕು ಹುಡುಕುವುದು ಅವರ ಸ್ವಭಾವ. ಕಿವಿಗೆ ಸಿಕ್ಕಿಸಿದ ಕೆಂಪು ಪೆನ್ಸಿಲೇ ಆಭರಣ.

ಅಂಥವರ ಕಣ್ಣನ್ನೂ ಒಂದು ಕೊಂಬು ವಂಚಿಸಿತು. ಊರಿನ ದೊಡ್ಡ ವರ್ತಕರ ಅಭಿನಂದನ ಗ್ರಂಥದಲ್ಲಿ, ಪುಟಪುಟದ ನೆತ್ತಿಯ ಮೇಲೂ 'ಎಲ್ಲರಿಗೂ ಕೊಟ್ಟ ಮನುಷ್ಯ' ಎಂದಿರಬೇಕಾದದ್ದು 'ಕೊ'ಕಾರದ ಕೊಂಬು ಬಿದ್ದುಹೋಗಿ 'ಎಲ್ಲರಿಗೂ ಕೆಟ್ಟ ಮನುಷ್ಯ' ಎಂದು ಅಚ್ಚಾಯಿತು. ಪುಣ್ಯಕ್ಕೆ ಹೊಲಿಗೆಗೆ ಮುನ್ನ ಚಿಕ್ಕಮ್ಮನೇ ಕಂಡುಹಿಡಿದರು; ಹೊಸದಾಗಿ ಅಚ್ಚು ಹಾಕಿದ್ದಾಯಿತು. ಕೆಟ್ಟ ಹಾಳೆಗಳು ಮಾತ್ರ ಹಿಂದಿನ ಕೋಣೆಯಲ್ಲಿ ಎದೆಯೆತ್ತರ ಕುಳಿತವು. ಅಪ್ಪ ರದ್ದಿಗೆ ಹಾಕೋಣವೆಂದರು. ಹಾಕಿದರೆ ತನ್ನ ತಪ್ಪು ಪೊಟ್ಟಣವಾಗಿ ಮನೆಮನೆಗೆ ಹೋಗಿ, ವರ್ತಕರ ಕೈಗೂ ಸಿಕ್ಕಿ, ಇಬ್ಬರ ಮಾನವೂ ಹರಾಜಾಗುತ್ತದೆಂದು ಚಿಕ್ಕಮ್ಮ ಊಟವನ್ನೇ ಬಿಟ್ಟರು.

ಆಮೇಲೆ ಯಾರು ಅವರ ತಲೆಗೆ ಹುಳ ಬಿಟ್ಟರೋ, ಹಾಳೆಗಳನ್ನೆಲ್ಲ ತಿನ್ನಿಸಿ ಗೊಬ್ಬರ ಮಾಡಲು ನಿಜವಾದ ಎರೆಹುಳುಗಳನ್ನೇ ತಂದರು. ಹಳೆಯ ಮರದ ಪೆಟ್ಟಿಗೆಗಳಲ್ಲಿ ಒಣ ಕಾಗದದ ನಡುವೆ ಬಿಟ್ಟ ಆ ಹುಳುಗಳು ಬೆಳಿಗ್ಗೆ ಅಪ್ಪನ ಮೇಜಿನ ಕೆಳಗೆ ವಾಯುವಿಹಾರ ಹೊರಟಿದ್ದವು. ವರ್ಷ ತಿರುಗುವುದರೊಳಗೆ ಕೋಣೆ ಖಾಲಿಯಾಗದಿದ್ದರೆ ಎಲ್ಲವೂ ರದ್ದಿಗೆ ಎಂದು ಅಪ್ಪ ಗುಡುಗಿದರು.

ಚಿಕ್ಕಮ್ಮ ಪಟ್ಟು ಬಿಡುವವರೇ? ಕರಡು ಓದುತ್ತಲೇ, ಜಗಳವಾಡುತ್ತಲೇ, ಫೋನಿನಲ್ಲಿ ತವರಿನ ಸುದ್ದಿ ಕೇಳುತ್ತಲೇ ಹಾಳೆಗಳನ್ನು ಎಳೆಯೆಳೆಯಾಗಿ ಹರಿದರು. ನೆನೆಸಿ, ಹಿಂಡಿ, ತರಕಾರಿ ಸಿಪ್ಪೆಯೊಡನೆ ಬೆರೆಸಿ, ಒದ್ದೆಗೋಣಿ ಹೊದಿಸಿದರು. ಪರ್‍ರನೆ ಹರಿಯುವ ಆ ಸದ್ದಿಲ್ಲದೆ ಚಿಕ್ಕಮ್ಮ ನನಗೆ ನೆನಪಾಗುವುದೇ ಇಲ್ಲ.

ಕೊನೆಯ ಪೆಟ್ಟಿಗೆಯೂ ಹದಕ್ಕೆ ಬಂದ ದಿನ ಅಪ್ಪನನ್ನು ಕರೆದು ಮುಂದೆ ನಿಲ್ಲಿಸಿಕೊಂಡರು.

"ಹುಡುಕಿ ಭಾವ. ಒಂದೇ ಒಂದು ಅಕ್ಷರ ಸಿಕ್ಕರೂ ಈ ಕೆಲಸ ಬಿಡ್ತೀನಿ."

ಅಪ್ಪ ಕನ್ನಡಕ ಏರಿಸಿ, ಮೊಣಕೈವರೆಗೂ ಕೈಯಿಳಿಸಿ ಕೆದಕಿದರು. ಕಪ್ಪಗೆ, ಪುಡಿಪುಡಿಯಾಗಿ, ಆಗತಾನೆ ನೆನೆದ ನೆಲದ ವಾಸನೆಯ ಗೊಬ್ಬರ. ಅದರಲ್ಲಿ ಕೆಟ್ಟದ್ದೂ ಇಲ್ಲ, ಮನುಷ್ಯನೂ ಇಲ್ಲ.

"ಗೆದ್ದೆ ಬಿಡಮ್ಮ," ಎಂದರು.

ಮೊದಲ ಮೂಟೆ ವರ್ತಕರ ತೋಟಕ್ಕೇ ಹೋಯಿತು. ಅವರ ಗುಲಾಬಿಗಳು ಮೈತುಂಬ ಅರಳಿ, ಅವುಗಳಲ್ಲೊಂದು ಬುಟ್ಟಿ ಕೃತಜ್ಞತೆಯ ಚೀಟಿಯೊಡನೆ ಅಚ್ಚುಕೂಟಕ್ಕೆ ಬಂತು. ಚಿಕ್ಕಮ್ಮ ಹೂ ಮೂಸುವ ಮುನ್ನ ಚೀಟಿಯ ಕಾಗುಣಿತ ತಿದ್ದಿದರು. ಆಗ ಅವರ ಮುಖದಲ್ಲಿದ್ದ ಹಿಗ್ಗು ನನಗೆ ಇಂದಿಗೂ ಹಬ್ಬ.

ಹುಳುಕು ಹುಡುಕುವವರನ್ನು ಕಂಡರೆ ಲೋಕಕ್ಕೆ ಆಗದು. ಆದರೆ ಪರರ ತಪ್ಪಿಗೆ ಗೆರೆ ಎಳೆಯುವಷ್ಟೇ ಶ್ರದ್ಧೆಯಿಂದ ತಮ್ಮ ತಪ್ಪನ್ನೂ ಮಣ್ಣಾಗುವವರೆಗೆ ಹರಿದು ಹಾಕುವ ಈ ಜಾತಿಯ ಜನ, ಎಲ್ಲರಿಗೂ ಕೆಟ್ಟವರೆನಿಸಿಕೊಳ್ಳುತ್ತಲೇ ಎಲ್ಲರಿಗೂ ಕೊಟ್ಟು ಹೋಗುತ್ತಾರೆ.