ದೊಡ್ಡಕ್ಕನ ಮೇಲೆ ಬಂದ ದೂರು

ಆಂಬುಲೆನ್ಸ್ ಕರೆಗಳ ಕೇಂದ್ರದಲ್ಲಿ ಸರ್ವರ್ ನೋಡಿಕೊಳ್ಳುವವಳಿಗೆ ಸಿಡುಕಿ ಎಂದೇ ಹೆಸರು ಬಿದ್ದಿತ್ತು. ಸಿಡುಕದೆ ಇನ್ನೇನು ಮಾಡಿಯಾಳು? ಮೂರು ವಾರದಿಂದ ಮಧ್ಯಾಹ್ನವಾದರೆ ಸಾಕು, ಎಲ್ಲರ ಪರದೆಗಳೂ ತೆವಳುತ್ತಿದ್ದವು. ವಿಳಾಸ ಟೈಪು ಮಾಡಿ ಅದು ಮೂಡುವಷ್ಟರಲ್ಲಿ ಫೋನಿನಾಚೆಯವರು ಅಳುವುದಕ್ಕೆ ಶುರುಮಾಡುತ್ತಿದ್ದರು.

ಮ್ಯಾನೇಜರು ಮಾತ್ರ ಕಾರಣ ಕಂಡುಹಿಡಿದು ಕೈತೊಳೆದುಕೊಂಡಿದ್ದರು. ಕಾರಣ ದೊಡ್ಡಕ್ಕ, ಹನ್ನೊಂದು ವರ್ಷದಿಂದ ಕಿಟಕಿ ಪಕ್ಕ ಕೂತು ಕರೆ ತೆಗೆದುಕೊಳ್ಳುತ್ತಿದ್ದವಳು, ಅಲ್ಲಿ ಎಲ್ಲರಿಗಿಂತ ಹಿರಿಯಳು. ನಾಲ್ಕು ಗಂಟೆಗೆ ಅವಳನ್ನು ಕೆಲಸದಿಂದ ತೆಗೆಯುವ ಕಾಗದ ಸಿದ್ಧವಾಗಿತ್ತು.

"ಅವರ ಕೈ ನಿಧಾನ. ಅದಕ್ಕೇ ಎಲ್ಲಾ ನಿಲ್ಲೋದು," ಎಂದು ಸಿಡುಕಿಗೂ ಹೇಳಿದರು.

"ಒಬ್ಬರ ಬೆರಳು ನಿಧಾನ ಆದ್ರೆ ಸರ್ವರ್ ನಿಲ್ಲುತ್ತಾ ಸಾರ್? ತಲೆಬುಡ ಇದೆಯಾ ಈ ಮಾತಿಗೆ?"

ಅವರು ಕೇಳಲಿಲ್ಲ. ಸಿಡುಕಿ ಹಲ್ಲು ಕಚ್ಚಿಕೊಂಡು ಬೆಳಗಿನಿಂದ ಯಾವ ಯಂತ್ರ ಎಷ್ಟು ಸಲ ಸರ್ವರಿಗೆ ಸಂಪರ್ಕ ಪಡೆದಿದೆ ಎಂದು ಪಟ್ಟಿ ತೆಗೆದಳು. ಬೇನೆ ಅಲ್ಲೇ ಇತ್ತು. ಪ್ರತಿ ಸಂಪರ್ಕಕ್ಕೂ ಸರ್ವರ್ ಒಂದಿಷ್ಟು ಮೆಮೊರಿ ಕೊಡುತ್ತದೆ, ಸಂಪರ್ಕ ಮುಗಿದ ಮೇಲೆ ಬಿಡಿಸಿಕೊಳ್ಳಬೇಕು. ಯಾರಾದರೂ ಕೆಲಸದ ನಡುವೆ ಪ್ರೋಗ್ರಾಮು ಮುಚ್ಚಿದರೆ ಮಾತ್ರ ಅದು ಆ ಮೆಮೊರಿ ಬಿಡಿಸುವುದನ್ನೇ ಮರೆಯುತ್ತಿತ್ತು. ಅದರ ಮೇಲೆ ಮ್ಯಾನೇಜರ ಆಜ್ಞೆ ಬೇರೆ: ನಿಧಾನವಾದರೆ ಮುಚ್ಚಿ, ಮತ್ತೆ ತೆರೆಯಿರಿ! ನಿಧಾನವಾದಷ್ಟೂ ಮುಚ್ಚಿದರು, ಮುಚ್ಚಿದಷ್ಟೂ ನಿಧಾನವಾಯಿತು. ಆಜ್ಞೆ ಮೀರಿದವಳು ಒಬ್ಬಳೇ. ಕರೆ ಮಾಡಿದವರನ್ನು ನಡುನೀರಿನಲ್ಲಿ ಬಿಡಲು ಮನಸ್ಸು ಬಾರದ ದೊಡ್ಡಕ್ಕ ಬೆಳಗ್ಗೆ ಒಂದು ಸಲ ತೆರೆದಿದ್ದಳು, ಅಷ್ಟೇ.

ಪ್ರೋಗ್ರಾಮಿನಲ್ಲಿ ತಪ್ಪಿದ್ದದ್ದು ಮೂರೇ ಸಾಲು. ಸಿಡುಕಿ ತಿದ್ದಿ, ಪರೀಕ್ಷಿಸಿ, ಕರೆಗಳನ್ನು ಬದಲಿ ಯಂತ್ರಕ್ಕೆ ದಾಟಿಸಿ, ಸರ್ವರನ್ನು ಮತ್ತೆ ಎಬ್ಬಿಸುವಾಗ ನಾಲ್ಕು ದಾಟಿ ಹತ್ತು ನಿಮಿಷ. ಪರದೆಗಳು ಸರಸರ ಓಡಿದವು. ಪಟ್ಟಿ ಹಿಡಿದು ಎದ್ದು ನೋಡಿದರೆ ಕಿಟಕಿ ಪಕ್ಕದ ಕುರ್ಚಿ ಖಾಲಿ.

"ನೋಡಿದ್ಯಾ?" ಮ್ಯಾನೇಜರ ಮುಖ ಅರಳಿತ್ತು. "ಅವರು ಎದ್ದು ಹೋಗಿದ್ದೇ ತಡ, ಹೇಗೆ ಓಡ್ತಿದೆ!"

ಸಿಡುಕಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿದುಹೋಯಿತು. ಆ ಮನುಷ್ಯನಿಗೆ ವಿವರಿಸುವ ತಾಳ್ಮೆ ಉಳಿದಿರಲಿಲ್ಲ. ಮೆಟ್ಟಿಲಿಳಿದು ಓಡಿದಳು. ದೊಡ್ಡಕ್ಕ ಗೇಟಿನ ಹತ್ತಿರ ಚೀಲ ಹಿಡಿದು ನಿಂತಿದ್ದಳು. ಸಿಡುಕಿ ಏದುಸಿರು ಬಿಡುತ್ತಾ ಎಲ್ಲ ಹೇಳಿ ಪಟ್ಟಿ ತೋರಿಸಿದಳು.

"ಬನ್ನಿ, ಕೂತ್ಕೊಳ್ಳಿ. ನೀವು ಕೂತ್ರೂ ಓಡುತ್ತೆ ಅಂತ ಕಣ್ಣಾರೆ ನೋಡ್ಲಿ."

"ಕೂತು ತೋರಿಸ್ಬೇಕಾ?" ದೊಡ್ಡಕ್ಕ ಚೀಲ ಹೆಗಲಿಗೇರಿಸಿದಳು. "ಹನ್ನೊಂದು ವರ್ಷ ಕೂತಿದ್ದು ಯಾರ ಕಣ್ಣಿಗೂ ಬೀಳ್ಲಿಲ್ವಾ?"

ದೊಡ್ಡಕ್ಕ ಪಟ್ಟಿ ಕಿತ್ತುಕೊಂಡು ತಾನೇ ಮೆಟ್ಟಿಲು ಹತ್ತಿದಳು. ಮ್ಯಾನೇಜರ ಮೇಜಿನೆದುರು ನಿಂತು ಕನ್ನಡಕ ಏರಿಸಿದಳು.

"ನನ್ನದು ನಿಧಾನ ಅಲ್ವಾ ಸಾರ್? ಒಂದೊಂದಾಗಿ ಓದ್ತೀನಿ. ಮೊದಲನೇದು ನಿಮ್ಮ ಕಂಪ್ಯೂಟರು. ನೂರಾ ಹದಿನಾಲ್ಕು ಸಲ."